ಬಿಸಿಲಿಗೆ ಎರಡು ಬೆರಳಿನ ಲೆಕ್ಕ

ನನ್ನ ಮಾಮ ಬಹಳ ವರ್ಷಗಳ ಹಿಂದೆ ಮಂಗಳೂರು ಕಡೆಯಿಂದ ಹರಪನಹಳ್ಳಿಗೆ ಹೋಗಿ ಚಪ್ಪಲಿ ಅಂಗಡಿ ಇಟ್ಟವರು. ಅಲ್ಲೇ ನೆಲೆ ನಿಂತರು. ಮಕ್ಕಳು ಅಲ್ಲಿಯ ಕನ್ನಡವನ್ನೇ ಮಾತಾಡುತ್ತಾರೆ, ಮನೆಯೊಳಗೆ ಮಾತ್ರ ಬ್ಯಾರಿ ಭಾಷೆ. ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ ನಾವು ಅವರ ಮನೆಗೆ ಹೋಗಿದ್ದೆವು. ಮಾಮನ ಮಗಳ ನಿಕಾಹ್‌ಗೆ ಇನ್ನು ಒಂದೂವರೆ ತಿಂಗಳು ಬಾಕಿ ಇತ್ತು. ಮನೆ ತುಂಬ ಬಟ್ಟೆ, ಚಿನ್ನ, ಊಟದ ಪಟ್ಟಿಯದ್ದೇ ಮಾತು.

‘ಮಂಗಳೂರಿನಿಂದ ಬಂದವರಿಗೆ ಉಚ್ಚಂಗಿದುರ್ಗ ತೋರಿಸದೆ ಕಳಿಸುವುದುಂಟಾ?’ ಎಂದು ಮಾಮಿ ಹಟ ಹಿಡಿದರು. ಮರುದಿನ ಬೆಳಿಗ್ಗೆ ಹೊರಟೆವು. ನಮ್ಮ ಹೊರಡುವಿಕೆ ನಿಮಗೆ ಗೊತ್ತೇ ಇದೆ. ಎಂಟಕ್ಕೆ ಅಂದದ್ದು ಬೆಟ್ಟದ ಬುಡ ತಲುಪುವಾಗ ಹನ್ನೊಂದಾಗಿತ್ತು.

ಉಚ್ಚಂಗಿದುರ್ಗ ಹರಪನಹಳ್ಳಿ ತಾಲ್ಲೂಕಿನ ಹಳೆಯ ಊರು, ಹಿಂದೆ ಉಚ್ಚಂಗಿ ಪಾಂಡ್ಯರು ಆಳಿದ ಜಾಗ. ಬೆಟ್ಟದ ಮೇಲೆ ಕೋಟೆ ಇದೆ, ಉಚ್ಚಂಗೆಮ್ಮನ ಗುಡಿ ಇದೆ. ಭರತ ಹುಣ್ಣಿಮೆಗೆ ಇಲ್ಲಿ ದೊಡ್ಡ ಜಾತ್ರೆ. ಸುತ್ತ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳದ ಹೊಲ, ಬಂಡೆ, ಬಯಲು. ನಮ್ಮ ಕರಾವಳಿಯ ಹಾಗೆ ನಾಲ್ಕು ಹೆಜ್ಜೆಗೊಂದು ತೆಂಗಿನ ನೆರಳಿಲ್ಲ. ಆದರೆ ಒಣ ಗಾಳಿ ಬೀಸುತ್ತಿದ್ದುದರಿಂದ ಬೆವರು ಬಂದದ್ದೇ ಗೊತ್ತಾಗಲಿಲ್ಲ. ‘ಏನೂ ಸೆಕೆ ಇಲ್ಲ ಮಾರಾಯ್ರೆ, ನಮ್ಮ ಊರಿಗಿಂತ ಎಷ್ಟೋ ವಾಸಿ’ ಎಂದೆ ನಾನು. ಅದೇ ತಪ್ಪಾದದ್ದು.

ಬುಡದಲ್ಲಿ ಸೌತೆಕಾಯಿ ಹೆಚ್ಚಿ ಮಾರುತ್ತಿದ್ದ ಹೆಂಗಸೊಬ್ಬರು ಸೆರಗನ್ನು ತಲೆಯ ಮೇಲಿಂದ ಕೆನ್ನೆ ಮುಚ್ಚುವ ಹಾಗೆ ಹೊದ್ದು, ಅದರ ಮೇಲೆ ಒಂದು ಟವೆಲ್ ಸುತ್ತಿಕೊಂಡಿದ್ದರು. ತೋಳಿಗೆ ಗಂಡಸರ ಹಳೆಯ ಫುಲ್ ತೋಳಿನ ಅಂಗಿ. ನಮ್ಮ ಹುಡುಗಿಯನ್ನು ನೋಡಿ, ‘ಯವ್ವಾ, ಈ ಹೊತ್ನಾಗ ಮಕ ಬಿಟ್ಕಂಡು ಹತ್ತಬ್ಯಾಡ, ಬಿಸ್ಲು ಕಲ್ಲಿಗೆ ಬಡ್ದು ಮಕಕ್ಕ ಹೊಡೀತೈತಿ’ ಅಂದರು. ಹುಡುಗಿ ನಕ್ಕು, ‘ಸನ್‌ಸ್ಕ್ರೀನ್ ಹಚ್ಚೀನಿ ಬಿಡ್ರೀ’ ಎಂದಳು.

ಇಳಿದು ಬರುವಾಗ ಮಧ್ಯಾಹ್ನ ಎರಡು ದಾಟಿತ್ತು. ಅವಳ ಎರಡೂ ಕೆನ್ನೆ ಕೆಂಪಾಗಿ, ನೀರು ತಾಗಿದರೆ ಉರಿಯುತ್ತಿತ್ತು. ರಾತ್ರಿ ಅವಳು ಮಲಗಲಿಲ್ಲ. ಮಾಮಿ ಕೂತು ಅತ್ತರು. ಮದುವೆಗೆ ಒಂದೂವರೆ ತಿಂಗಳಿರುವಾಗ ಮಗಳ ಮುಖ ಹೀಗಾದರೆ ಯಾವ ಉಮ್ಮನಿಗೆ ನಿದ್ದೆ ಬಂದೀತು?

ಡಾಕ್ಟರು ಕೇಳಿದ ಮೂರು ಪ್ರಶ್ನೆ

ಮರುದಿನ ದಾವಣಗೆರೆಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು, ‘ಎಷ್ಟು ಹಚ್ಚಿದಿ?’ ಹುಡುಗಿ ಬೆರಳಿನ ತುದಿ ತೋರಿಸಿದಳು, ಒಂದು ಕಡಲೆಕಾಳಿನಷ್ಟು. ಎರಡನೆಯದ್ದು, ‘ಎಷ್ಟು ಸಲ ಹಚ್ಚಿದಿ?’ ಬೆಳಿಗ್ಗೆ ಎಂಟಕ್ಕೆ ಒಂದು ಸಲ, ಅಷ್ಟೇ. ಮೂರನೆಯದ್ದು, ‘ಅದರ ಕೆಳಗೆ ಏನು ಹಚ್ಚಿದ್ದಿ?’ ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಉತ್ತರವೇ ಬರಲಿಲ್ಲ. ಆಮೇಲೆ ಮಾಮಿ ಚೀಲದಿಂದ ಒಂದು ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಮದುವೆಗೆ ಮುಖ ಬೆಳ್ಳಗಾಗಲಿ ಎಂದು ಪರಿಚಯದವರು ಕೊಟ್ಟ ಕ್ರೀಮ್. ಮೂರು ತಿಂಗಳಿಂದ ರಾತ್ರಿ ಬೆಳಿಗ್ಗೆ ಹಚ್ಚುತ್ತಿದ್ದಳಂತೆ. ಡಬ್ಬಿಯ ಮೇಲೆ ಹೊಳೆಯುವ ಒಂದು ಚಿತ್ರ ಬಿಟ್ಟರೆ ತಯಾರಿಸಿದವರ ಹೆಸರಿಲ್ಲ, ವಿಳಾಸವಿಲ್ಲ, ಒಳಗೆ ಏನಿದೆ ಎಂದೂ ಇಲ್ಲ.

ಡಾಕ್ಟರು ಅವಳ ಕೆನ್ನೆಯನ್ನು ಭೂತಗನ್ನಡಿಯಲ್ಲಿ ನೋಡಿದರು. ಚರ್ಮ ತೆಳುವಾಗಿ ಸಣ್ಣ ಸಣ್ಣ ಕೆಂಪು ನರಗಳು ಕಾಣುತ್ತಿದ್ದವು, ಕೆನ್ನೆಯ ಮೇಲೆ ಹೊಸದಾಗಿ ರೋಮ ಬೆಳೆದಿತ್ತು. ‘ಇದು ಸ್ಟೀರಾಯ್ಡ್ ಹಚ್ಚಿದ ಮುಖದ ಲಕ್ಷಣ. ಇಂಥ ಚರ್ಮ ಬಿಸಿಲನ್ನು ತಡೆಯುವುದಿಲ್ಲ. ನೋಡಮ್ಮಾ, ಸನ್‌ಸ್ಕ್ರೀನ್ ಕೆಟ್ಟದ್ದಲ್ಲ, ನೀನು ಹಚ್ಚಿದ್ದು ಸಾಲಲಿಲ್ಲ. ಕೆಟ್ಟದ್ದು ಅದರ ಕೆಳಗೆ ಇದ್ದದ್ದು’ ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಮ್ಮ ಮನೆಗಳಲ್ಲಿ ಸನ್‌ಸ್ಕ್ರೀನ್ ಎಂದರೆ ಬಿಳಿಯಾಗಲು ಹಚ್ಚುವ ಇನ್ನೊಂದು ಕ್ರೀಮ್ ಎಂದೇ ಲೆಕ್ಕ. ಅದು ಹಾಗಲ್ಲ. ಅದು ಕೊಡೆಯ ಹಾಗೆ, ಬಿಸಿಲು ತಡೆಯುವ ಸಾಧನ. ಹರಿದ ಕೊಡೆ ಹಿಡಿದರೆ ಒದ್ದೆಯಾಗುವ ಹಾಗೆ, ಸರಿಯಾಗಿ ಹಚ್ಚದ ಸನ್‌ಸ್ಕ್ರೀನ್ ಇದ್ದೂ ಇಲ್ಲದ ಹಾಗೆ.

ಸೆಕೆ ಬೇರೆ, ಬಿಸಿಲಿನ ಪೆಟ್ಟು ಬೇರೆ

ಬಿಸಿಲಿನಲ್ಲಿ ನಮಗೆ ಸೆಕೆ ಮಾಡುವ ಕಿರಣವೇ ಬೇರೆ, ಚರ್ಮ ಸುಡುವ ಅತಿನೇರಳೆ ಕಿರಣವೇ ಬೇರೆ. ಈ ಅತಿನೇರಳೆ ಕಿರಣ ಮೈಗೆ ಬಿಸಿಯಾಗಿ ತಾಗುವುದಿಲ್ಲ. ಹಾಗಾಗಿ ಗಾಳಿ ಬೀಸುವ ಬಯಲುಸೀಮೆಯಲ್ಲಿ, ಮೋಡ ಕವಿದ ದಿನದಲ್ಲಿ ನಾವು ಮೋಸ ಹೋಗುತ್ತೇವೆ. ತೆಳು ಮೋಡವಿದ್ದರೆ ಈ ಕಿರಣದ ಹೆಚ್ಚಿನ ಪಾಲು ಕೆಳಗೆ ಇಳಿದೇ ಇಳಿಯುತ್ತದೆ. ಎತ್ತರಕ್ಕೆ ಹೋದಂತೆ ಇದು ಹೆಚ್ಚುತ್ತದೆ, ಸಾವಿರ ಮೀಟರಿಗೆ ಸುಮಾರು 10 ಶೇಕಡಾ. ಹರಪನಹಳ್ಳಿಯ ಬಯಲು ಸಮುದ್ರ ಮಟ್ಟದಿಂದ 600 ಮೀಟರಿಗೂ ಮೇಲಿದೆ. ಸೌತೆಕಾಯಿ ಮಾರುವ ಹೆಂಗಸು ಹೇಳಿದ ಹಾಗೆ ನೆಲದಿಂದಲೂ ಒಂದಿಷ್ಟು ಕಿರಣ ಹಿಂದಕ್ಕೆ ಬರುತ್ತದೆ. ನಮ್ಮ ಕಡಲ ತೀರದ ಒಣ ಮರಳಿನಿಂದಂತೂ ಸುಮಾರು 15 ಶೇಕಡಾ ಹಿಂದಕ್ಕೆ ಹೊಡೆಯುತ್ತದೆ. ಉಳ್ಳಾಲ, ಪಣಂಬೂರಿಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ನೆನಪಿಡಬೇಕು.

ಬಿಸಿಲಿನ ಅಳತೆಗೆ ಯುವಿ ಸೂಚ್ಯಂಕ ಎಂಬ ಲೆಕ್ಕವಿದೆ. ಹೆಚ್ಚಿನ ಮೊಬೈಲುಗಳ ಹವಾಮಾನ ಪುಟದಲ್ಲಿ ಅದು ಸಿಗುತ್ತದೆ. 3 ದಾಟಿದರೆ ಜಾಗ್ರತೆ ಬೇಕು, 8 ದಾಟಿದರೆ ಬಹಳ ಜೋರು, 11 ಮತ್ತು ಮೇಲೆ ವಿಪರೀತ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ನಾಡಿನಲ್ಲಿ ಬೇಸಗೆಯ ಮಧ್ಯಾಹ್ನ 11 ದಾಟುವುದು ವಿಶೇಷವಲ್ಲ. ಮೊಬೈಲ್ ಇಲ್ಲದವರಿಗೂ ಒಂದು ಉಪಾಯ ಇದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ಚರ್ಮಕ್ಕೆ ಜೋರಾಗಿ ಬೀಳುತ್ತಿದೆ ಎಂದರ್ಥ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರ ತನಕ ಹೆಚ್ಚು ಎಚ್ಚರ ಬೇಕು.

ಟ್ಯೂಬಿನ ಮೇಲಿನ ಅಕ್ಷರಗಳು

ಅತಿನೇರಳೆ ಕಿರಣದಲ್ಲಿ ಎರಡು ಬಗೆ ನಮ್ಮ ಚರ್ಮ ತಲುಪುತ್ತದೆ. ಯುವಿಬಿ ಚರ್ಮವನ್ನು ಕೆಂಪಾಗಿಸಿ ಸುಡುತ್ತದೆ. ಯುವಿಎ ಆಳಕ್ಕೆ ಇಳಿದು ಕಪ್ಪು ಕಲೆ, ಸುಕ್ಕು ತರುತ್ತದೆ. ಟ್ಯೂಬಿನ ಮೇಲೆ ಬರೆದ ಎಸ್‌ಪಿಎಫ್ ಎಂಬುದು ಮುಖ್ಯವಾಗಿ ಯುವಿಬಿಯ ಲೆಕ್ಕ. ಎಸ್‌ಪಿಎಫ್ 15 ಸುಮಾರು 93 ಶೇಕಡಾ ತಡೆದರೆ 30 ಸುಮಾರು 97, 50 ಸುಮಾರು 98 ಶೇಕಡಾ ತಡೆಯುತ್ತದೆ. 30ಕ್ಕೂ 50ಕ್ಕೂ ಕಾಗದದ ಮೇಲೆ ಇರುವ ಅಂತರ ಇಷ್ಟೇ. ಹಾಗಾಗಿ 100 ಎಂದು ಬರೆದದ್ದಕ್ಕೆ ದುಡ್ಡು ಸುರಿಯುವ ಬದಲು 30 ಅಥವಾ 50ನ್ನು ಸರಿಯಾಗಿ ಹಚ್ಚುವುದು ಲೇಸು.

ಯುವಿಎಗೆ ಪಿಎ ಎಂದು ಬರೆದು ಪಕ್ಕದಲ್ಲಿ ಪ್ಲಸ್ ಗುರುತು ಹಾಕಿರುತ್ತಾರೆ. ಪ್ಲಸ್ ಹೆಚ್ಚಿದ್ದಷ್ಟೂ ರಕ್ಷಣೆ ಹೆಚ್ಚು. ಮೂರು ಅಥವಾ ನಾಲ್ಕು ಇರುವುದನ್ನು ಆರಿಸಿ. ‘ಬ್ರಾಡ್ ಸ್ಪೆಕ್ಟ್ರಂ’ ಎಂದು ಬರೆದಿದ್ದರೆ ಎರಡೂ ಬಗೆಯ ಕಿರಣಕ್ಕೆ ಆಗುತ್ತದೆ ಎಂದರ್ಥ.

ಮನೆಯೊಳಗೆ, ಕಾರಿನೊಳಗೆ ಇದ್ದರೆ ಬೇಡವಾ ಎಂದು ಕೇಳುವವರಿದ್ದಾರೆ. ಕಿಟಕಿಯ ಗಾಜು ಯುವಿಬಿಯನ್ನು ಹೆಚ್ಚಾಗಿ ತಡೆಯುತ್ತದೆ, ಯುವಿಎಯನ್ನು ಅಷ್ಟು ತಡೆಯುವುದಿಲ್ಲ. 2012ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದರಲ್ಲಿ 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಒಬ್ಬರ ಫೋಟೊ ಬಂದಿತ್ತು. ಕಿಟಕಿಯ ಬದಿಗಿದ್ದ ಎಡ ಕೆನ್ನೆ ತುಂಬ ಸುಕ್ಕು ಮತ್ತು ಗೆರೆ, ಬಲ ಕೆನ್ನೆ ಎಷ್ಟೋ ವರ್ಷ ಚಿಕ್ಕದಾಗಿ ಕಾಣುತ್ತಿತ್ತು. ನಮ್ಮಲ್ಲಿ ಸ್ಟೇರಿಂಗ್ ಬಲಕ್ಕಿರುವುದರಿಂದ ಪೆಟ್ಟು ಬಲ ಕೆನ್ನೆಗೆ, ಬಲ ತೋಳಿಗೆ. ಲಾರಿ, ಪಿಕಪ್, ಬಸ್ ಓಡಿಸುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಸನ್‌ಸ್ಕ್ರೀನ್ ಹೆಂಗಸರದ್ದು ಎನ್ನುವ ಗಂಡಸರು ಒಮ್ಮೆ ತಮ್ಮ ಎರಡು ತೋಳುಗಳನ್ನು ಒಟ್ಟಿಗೆ ಇಟ್ಟು ನೋಡಿಕೊಳ್ಳಲಿ.

ಎಷ್ಟು, ಯಾವಾಗ, ಎಲ್ಲಿ

ಟ್ಯೂಬಿನ ಮೇಲಿನ ಅಂಕಿ ಸಿಗುವುದು ಪರೀಕ್ಷೆಯಲ್ಲಿ ಹಚ್ಚಿದಷ್ಟು ದಪ್ಪ ಹಚ್ಚಿದರೆ ಮಾತ್ರ. ಆ ಅಳತೆ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ. ನಮ್ಮಲ್ಲಿ ಹೆಚ್ಚಿನವರು ಅದರ ಅರ್ಧವೂ ಹಚ್ಚುವುದಿಲ್ಲ. ಆಗ 50 ಎಂದು ಬರೆದಿದ್ದರೂ ನಮಗೆ ಸಿಗುವ ರಕ್ಷಣೆ ಎಷ್ಟೋ ಕಡಿಮೆ. ತೂಕ ಮಾಡುತ್ತಾ ಕೂರಲು ಆಗುತ್ತದಾ? ಅದಕ್ಕೇ ಎರಡು ಬೆರಳಿನ ಲೆಕ್ಕ. ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿದರೆ, ಅಷ್ಟು ಮುಖ ಮತ್ತು ಕುತ್ತಿಗೆಗೆ ಬೇಕು. ಒಮ್ಮೆಗೇ ಹಚ್ಚಿ ಬಿಳಿ ಬಿಳಿ ಕಂಡರೆ ಒಂದು ಗೆರೆ ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು ಹಚ್ಚಿ. ತಿಕ್ಕಿ ತಿಕ್ಕಿ ಒರೆಸಬೇಡಿ, ಸಮವಾಗಿ ಹರಡಿ ಬಿಡಿ.

ಹೊರಗೆ ಹೋಗುವ ಹದಿನೈದು ಇಪ್ಪತ್ತು ನಿಮಿಷ ಮೊದಲು ಹಚ್ಚಬೇಕು. ಬಿಸಿಲಲ್ಲಿ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆವರು ಒರೆಸಿದರೆ, ಮುಖ ತೊಳೆದರೆ ಎರಡು ಗಂಟೆ ಕಾಯಬೇಡಿ. ಕಿವಿ, ಕತ್ತಿನ ಹಿಂಭಾಗ, ಕೈಯ ಮೇಲ್ಭಾಗ, ಚಪ್ಪಲಿ ಹಾಕಿದ ಪಾದದ ಮೇಲ್ಭಾಗ ನಾವು ಮರೆಯುವ ಜಾಗಗಳು.

‘ಎರಡು ಗಂಟೆಗೊಮ್ಮೆ ಯಾರಿಗೆ ನೆನಪಿರುತ್ತದೆ?’ ಎಂದು ಮಾಮಿ ಕೇಳಿದ್ದರು. ನಮಗೆ ಅದು ಕಷ್ಟವಲ್ಲ. ದಿನಕ್ಕೆ ಐದು ಹೊತ್ತು ವುಳೂ ಮಾಡುವಾಗ ಮುಖ ಕೈ ತೊಳೆಯುತ್ತೇವೆ, ಹಚ್ಚಿದ ಸನ್‌ಸ್ಕ್ರೀನಿನ ಒಂದು ಪಾಲು ಅದರಲ್ಲಿ ಹೋಗುತ್ತದೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೇ ಲುಹ್ರ್ ನಮಾಝ್. ವುಳೂ ಮಾಡಿ, ನಮಾಝ್ ಮುಗಿಸಿ, ಮುಖ ಒಣಗಿದ ಮೇಲೆ ಎರಡು ಬೆರಳು ಹಚ್ಚಿದರೆ ನೆನಪಿಗೆ ಬೇರೆ ಗಡಿಯಾರ ಬೇಡ. ಬೆವರಿಗೆ ಹೋಗದ ವಾಟರ್‌ಪ್ರೂಫ್ ಬಗೆಯದ್ದಾದರೆ ಅದು ಪದರವಾಗಿ ಕೂರುತ್ತದೆ. ಅಂಥದ್ದನ್ನು ಫೇಸ್‌ವಾಶ್ ಹಾಕಿ ತೊಳೆದು ಆಮೇಲೆ ವುಳೂ ಮಾಡಿದರೆ ಮನಸ್ಸಿಗೂ ಸಮಾಧಾನ.

ದಿನಚರಿ ಇಷ್ಟೇ ಸಾಕು

ಡಾಕ್ಟರು ಬರೆದುಕೊಟ್ಟ ದಿನಚರಿ ಅರ್ಧ ಪುಟವೂ ಇರಲಿಲ್ಲ. ಬೆಳಿಗ್ಗೆ ಮೃದುವಾದ ಫೇಸ್‌ವಾಶ್‌ನಿಂದ ಮುಖ ತೊಳೆಯುವುದು. ಮೈಗೆ ಹಾಕುವ ಸಾಬೂನು ಮುಖಕ್ಕೆ ಬೇಡ, ಅದು ಚರ್ಮವನ್ನು ಒಣಗಿಸುತ್ತದೆ. ಮುಖ ಬಿಗಿಯಾದಂತೆ ಅನಿಸಿದರೆ ಸ್ವಲ್ಪ ಮಾಯಿಶ್ಚರೈಸರ್. ಅದು ಒಳಗೆ ಇಳಿದ ಮೇಲೆ ಸನ್‌ಸ್ಕ್ರೀನ್. ಪೌಡರ್, ಮೇಕಪ್ ಏನಿದ್ದರೂ ಅದರ ಮೇಲೆ. ಎರಡು ಕ್ರೀಮನ್ನು ಅಂಗೈಯಲ್ಲೇ ಕಲಸಿ ಹಚ್ಚಿದರೆ ಸನ್‌ಸ್ಕ್ರೀನ್ ತೆಳುವಾಗಿ ಪ್ರಯೋಜನ ಕಡಿಮೆ. ರಾತ್ರಿ ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಿ ಮಲಗುವುದು. ಅಷ್ಟೇ.

ಎಣ್ಣೆ ಚರ್ಮದವರಿಗೆ, ಮೊಡವೆ ಇರುವವರಿಗೆ ಜೆಲ್ ಬಗೆಯದ್ದು ಹಿತ. ಬೇಗ ಉರಿಯುವ ಚರ್ಮಕ್ಕೆ ಜಿಂಕ್ ಆಕ್ಸೈಡ್ ಇರುವುದು ಒಳ್ಳೆಯದು, ಸ್ವಲ್ಪ ಬಿಳಿ ಕಂಡರೂ ಸರಿ. ಕೆನ್ನೆಯ ಮೇಲೆ ಬಂಗು ಇರುವವರಿಗೆ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಹೆಚ್ಚಿಸುತ್ತದೆ. ಹಾಗಾಗಿ ಐರನ್ ಆಕ್ಸೈಡ್ ಬೆರೆಸಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಅವರಿಗೆ ಹೆಚ್ಚು ಉಪಯೋಗ. ಹೊಸದು ತಂದರೆ ಮೊದಲು ಕಿವಿಯ ಹಿಂದೆ ಎರಡು ದಿನ ಹಚ್ಚಿ ನೋಡಿ.

ಆರು ತಿಂಗಳೊಳಗಿನ ಮಗುವಿಗೆ ಸನ್‌ಸ್ಕ್ರೀನ್ ಬೇಡ. ಮಗುವನ್ನು ನೆರಳಲ್ಲಿ ಇಟ್ಟುಕೊಳ್ಳಿ, ತೆಳು ಬಟ್ಟೆ ಹೊದಿಸಿ. ಲಿಂಬೆ ರಸ ಮುಖಕ್ಕೆ ತಿಕ್ಕಿ ಬಿಸಿಲಿಗೆ ಹೋಗುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಲಿಂಬೆಯಲ್ಲಿರುವ ಒಂದು ಅಂಶ ಬಿಸಿಲಿನ ಜೊತೆ ಸೇರಿದರೆ ಚರ್ಮ ಸುಟ್ಟು ಗುಳ್ಳೆ ಏಳುತ್ತದೆ, ಕಪ್ಪು ಕಲೆ ವಾರಗಟ್ಟಲೆ ಉಳಿಯುತ್ತದೆ.

ಖರ್ಚಿನ ಮಾತೂ ಆಡಬೇಕು. 50 ಗ್ರಾಂ ಟ್ಯೂಬ್ ಎರಡು ಬೆರಳಿನ ಲೆಕ್ಕದಲ್ಲಿ ನಲವತ್ತು ನಲವತ್ತೈದು ಸಲಕ್ಕೆ ಬರುತ್ತದೆ. ದಿನಕ್ಕೆ ಎರಡು ಸಲ ಹಚ್ಚಿದರೆ ತಿಂಗಳೊಳಗೆ ಮುಗಿಯುತ್ತದೆ. ದೊಡ್ಡ ಮನೆಗೆ ಇದು ಸಣ್ಣ ಖರ್ಚಲ್ಲ. ಅದಕ್ಕೇ ಬಟ್ಟೆ ಮೊದಲು, ಕ್ರೀಮ್ ಆಮೇಲೆ. ಒತ್ತಾದ ನೇಯ್ಗೆಯ ಗಾಢ ಬಣ್ಣದ ಬಟ್ಟೆ, ಅಗಲ ಅಂಚಿನ ಟೊಪ್ಪಿ, ಕೊಡೆ ಇವು ವರ್ಷಗಟ್ಟಲೆ ಬರುತ್ತವೆ. ಬುರ್ಖಾ ಹಾಕುವವರಿಗೆ ಮೈ ಮುಚ್ಚಿರುವುದರಿಂದ ಮುಖ, ಕೈ, ಪಾದಕ್ಕೆ ಹಚ್ಚಿದರೆ ಸಾಕು. ಬೆಳಕು ದಾಟುವಷ್ಟು ತೆಳುವಾದ ಶಾಲು ಹೊದ್ದರೆ ಮಾತ್ರ ಅದನ್ನೇ ನಂಬಬೇಡಿ. ಮೈ ಪೂರ್ತಿ ಮುಚ್ಚಿಕೊಳ್ಳುವವರಲ್ಲಿ, ಮನೆಯೊಳಗೇ ಇರುವವರಲ್ಲಿ ವಿಟಮಿನ್ ಡಿ ಕಡಿಮೆಯಾಗುವುದುಂಟು. ಮೈಕೈ ನೋವು, ಸುಸ್ತು ಇದ್ದರೆ ಡಾಕ್ಟರಲ್ಲಿ ಕೇಳಿ ರಕ್ತ ಪರೀಕ್ಷೆ ಮಾಡಿಸಿ. ಅದಕ್ಕೆಂದು ನಡು ಮಧ್ಯಾಹ್ನ ಮುಖ ಸುಟ್ಟುಕೊಳ್ಳುವುದು ಬೇಡ.

ಹೆಸರಿಲ್ಲದ ಡಬ್ಬಿ

ಆ ಡಬ್ಬಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಇದು ಒಂದು ಮನೆಯ ಕತೆಯಲ್ಲ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೀರಾಯ್ಡ್ ಇರುವ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಆದೇಶ ಮಾಡಿತು. ಆದರೂ ಅವು ಕೈಯಿಂದ ಕೈಗೆ ದಾಟುತ್ತಲೇ ಇವೆ. ಇನ್ನು ಕೆಲವು ಬಿಳಿಯಾಗಿಸುವ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಅದು ಚರ್ಮದ ಮೂಲಕ ರಕ್ತ ಸೇರಿ ಕಿಡ್ನಿ ಕೆಡಿಸುತ್ತದೆ.

ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ ಕಿಡ್ನಿ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ತನಕ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ಮಂದಿಯನ್ನು ನೋಡಿದರು. ಅವರಲ್ಲಿ 15 ಮಂದಿಯಲ್ಲಿ ಅಪರೂಪದ ಒಂದೇ ವಿಧ ಕಂಡಿತು. ಆ 15 ಮಂದಿಯಲ್ಲಿ 13 ಮಂದಿ ಬಿಳಿಯಾಗುವ ಕ್ರೀಮ್ ಹಚ್ಚುತ್ತಿದ್ದವರು. ಹಚ್ಚುವುದನ್ನು ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಮುಖದ ಬಣ್ಣಕ್ಕೆಂದು ಹಚ್ಚಿದ್ದು ಕಾಲಿನ ಬಾವಾಗಿ, ನೊರೆ ಮೂತ್ರವಾಗಿ ಬಂದು ಕಿಡ್ನಿ ಡಾಕ್ಟರ ಬಾಗಿಲಿಗೆ ನಿಲ್ಲಿಸುತ್ತದೆ ಎಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಗಲ್ಫಿನಿಂದ ಬರುವವರ ಸೂಟ್‌ಕೇಸಿನಲ್ಲಿ, ಮದುವೆ ಮನೆಯ ಉಡುಗೊರೆಯಲ್ಲಿ ಇಂಥ ಡಬ್ಬಿ ಬರುತ್ತದೆ. ಪ್ರೀತಿಯಿಂದಲೇ ಕೊಡುತ್ತಾರೆ, ತಪ್ಪು ಅವರದ್ದಲ್ಲ. ಆದರೆ ತಯಾರಿಸಿದವರ ಹೆಸರು, ವಿಳಾಸ, ಒಳಗಿರುವ ವಸ್ತುಗಳ ಪಟ್ಟಿ, ಕೊನೆಯ ದಿನಾಂಕ ಇಲ್ಲದ್ದನ್ನು ಮುಖಕ್ಕೆ ಹಚ್ಚಬೇಡಿ. ಸನ್‌ಸ್ಕ್ರೀನಿಗೂ ಇದೇ ಮಾತು. ಈಗಾಗಲೇ ತಿಂಗಳುಗಟ್ಟಲೆ ಹಚ್ಚಿದವರು ಡಬ್ಬಿಯನ್ನು ಎಸೆದು ಸುಮ್ಮನಾಗದೆ ಅದನ್ನೇ ಹಿಡಿದುಕೊಂಡು ಚರ್ಮದ ಡಾಕ್ಟರಲ್ಲಿ ಹೋಗಿ. ಸ್ಟೀರಾಯ್ಡ್ ಬಿಟ್ಟಾಗ ಕೆಲವು ವಾರ ಮುಖ ಇನ್ನೂ ಕೆಂಪಾಗುವುದುಂಟು. ಆಗ ಹೆದರಿ ಮತ್ತೆ ಅದನ್ನೇ ಹಚ್ಚುವವರೇ ಹೆಚ್ಚು. ದೊಡ್ಡ ಫೀಸು ಕೊಡಬೇಕೆಂದಿಲ್ಲ, ಮಂಗಳೂರಿನ ವೆನ್ಲಾಕ್, ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಂತಹ ಸರಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ತೋರಿಸಬಹುದು.

ನಮ್ಮ ಹುಡುಗಿಗೂ ಹಾಗೇ ಆಯಿತು. ಮೊದಲ ಎರಡು ವಾರ ಮುಖ ಉರಿ, ತುರಿಕೆ. ಕನ್ನಡಿ ನೋಡಿ ಅಳುತ್ತಾ ನನಗೆ ಫೋನ್ ಮಾಡುತ್ತಿದ್ದಳು. ಮೂರನೆಯ ವಾರದಿಂದ ಇಳಿಯಿತು. ನಿಕಾಹ್ ದಿನ ಅವಳ ಮುಖ ಮೊದಲಿಗಿಂತ ಬೆಳ್ಳಗಿರಲಿಲ್ಲ, ಅವಳದ್ದೇ ಗೋಧಿ ಬಣ್ಣ. ಕೆನ್ನೆಯ ಬದಿಯಲ್ಲಿ ಸ್ವಲ್ಪ ಕೆಂಪು ಉಳಿದಿತ್ತು. ಯಾರೂ ಅದನ್ನು ನೋಡಲಿಲ್ಲ. ಅವಳು ನಗುತ್ತಿದ್ದಳು, ಎಲ್ಲರೂ ನೋಡಿದ್ದು ಅದನ್ನೇ.

ಅವಳ ಗಂಡ ಸೌದಿಯಲ್ಲಿ ಕಟ್ಟಡದ ಕೆಲಸದಲ್ಲಿರುವವನು, ದಿನವಿಡೀ ಬಿಸಿಲು. ರಜೆ ಮುಗಿದು ಹೊರಡುವ ದಿನ ಅವಳು ಅವನ ಸೂಟ್‌ಕೇಸಿಗೆ ಎರಡು ಟ್ಯೂಬ್ ಸನ್‌ಸ್ಕ್ರೀನ್, ಒಂದು ಅಗಲ ಅಂಚಿನ ಟೊಪ್ಪಿ ಹಾಕಿಟ್ಟಳಂತೆ. ‘ಕಡಲೆಕಾಳಿನಷ್ಟು ಸಾಲುವುದಿಲ್ಲ, ಎರಡು ಬೆರಳು’ ಎಂದು ಹೇಳಿಯೂ ಕಳಿಸಿದ್ದಾಳೆ.

ನಿಮ್ಮ ಮನೆಯ ಕಪಾಟಿನಲ್ಲಿರುವ ಟ್ಯೂಬು, ಡಬ್ಬಿಗಳನ್ನು ಇವತ್ತೇ ಒಮ್ಮೆ ತೆಗೆದು ಓದಿ ನೋಡಿ. ಹೆಸರಿಲ್ಲದ್ದು ಇದ್ದರೆ ಪಕ್ಕಕ್ಕಿಡಿ. ಹೆಸರಿರುವ ಸನ್‌ಸ್ಕ್ರೀನ್ ಇದ್ದರೆ ನಾಳೆ ಬೆಳಿಗ್ಗೆಯಿಂದ ಎರಡು ಬೆರಳು ಹಚ್ಚಿ.